ಹಾಸ್ಟೆಲ್ ಊಟ

ಅಪ್ಪಾ,

ನೀವು ತೀರಿಕೊಂಡರೂ ನಿಮ್ಮ ಸುಳ್ಳು ಗಟ್ಟಿಮುಟ್ಟಾಗಿದೆ. ಇಂದು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಳೆಯ ನೆರೆಮನೆಯ ಕುಶಲಕ್ಕ ಸಿಕ್ಕಿ, "ಹಾಸ್ಟೆಲ್‌ನಲ್ಲಿ ಊಟಕ್ಕೆ ಎಂತ ಕೊಡ್ತಿದ್ರು ಮಾರಾಯ?" ಎಂದು ಕೇಳಿದರು. ರಿಮಾಂಡ್ ಹೋಮಿಗೆ ಹಾಸ್ಟೆಲ್ ಎಂದು ಹೆಸರಿಟ್ಟ ಮರ್ಯಾದಸ್ಥರು ನೀವು. ಅಲ್ಲಿಂದ ನನ್ನ ಜೊತೆಗೇ ಹೊರಬಂದ ಮಲ್ಲಿನಾಥ ಪಕ್ಕದಲ್ಲಿದ್ದ. "ರೊಟ್ಟಿ ಕೊಡತಿದ್ರರೀ ಅಕ್ಕಾರ. ನಾವಿಬ್ರೂ ಒಂದ ರೂಮಿನ್ಯಾಗ ಇದ್ವಿ," ಎಂದು ನಿಮ್ಮ ಮಾನ ಉಳಿಸಿದ.

ಹೌದು, ಘಟ್ಟದ ಮೇಲಿನವರು ಎಂದು ನೀವು ಮೂಗು ಮುರಿಯುತ್ತಿದ್ದಿರಲ್ಲ, ಅವರದೇ ಹುಡುಗ. ರೊಟ್ಟಿಯಂತೂ ಸುಳ್ಳಲ್ಲ. ಗಾರೆ ಕೆಲಸದ ಅವನ ತಾಯಿ ರಾಚವ್ವ ಪ್ರತಿ ಭಾನುವಾರ ನನಗೂ ಸೇರಿಸಿ ತರುತ್ತಿದ್ದರು.

ನೀವೂ ಏನಾದರೂ ತರಬಹುದೆಂದು, ಸಂಜೆಯವರೆಗೂ ನಾನು ಅದನ್ನು ಮುಟ್ಟುತ್ತಿರಲಿಲ್ಲ.