ಒಂದು ತಾಸಿನ ದಾರಿ

ನಿಂಬರ್ಗಾ
15-1-2025

ಕಾಶಿ ಅಕ್ಕನಿಗೆ ತಂಗಿ ಸುವರ್ಣಾಳ ನಮಸ್ಕಾರಗಳು.

ಅವ್ವನ ಮಣ್ಣಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಆರು ವರ್ಷ ತಡವಾಯಿತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಇದನ್ನು ಹರಿಯುವ ಮುಂಚೆ ಒಮ್ಮೆ ಓದು.

ನಮ್ಮ ಮನೆಯವರು ಹಳೆಯದೊಂದು ಕಾರು ತಂದಿದ್ದಾರೆ. ತೊಗರಿ ರಾಶಿಯೂ ಮುಗಿದಿತ್ತು. ಮೊನ್ನೆ ಭಾನುವಾರ, "ನಡಿ, ಸುಮ್ನ ತಿರಗ್ಯಾಡಿ ಬರೋಣು. ಇಂಥಾ ಊರಿಗಂತ ಇಲ್ಲ" ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಕೆಲಸವಿಲ್ಲದೆ ನಾವಿಬ್ಬರೂ ಹೊರಬಿದ್ದದ್ದು ಇದೇ ಮೊದಲು. ಡಾಂಬರು ರಸ್ತೆ ಬಿಟ್ಟು ಹೊಲಗಳ ನಡುವಿನ ದಾರಿ ಹಿಡಿದರು. ಎರಡೂ ಕಡೆ ಆಳೆತ್ತರ ಜೋಳ. ಒಂದು ಕಡೆ ಹಸಿ ತೆನೆ ಸುಡುತ್ತಿದ್ದ ಮುದುಕನೊಬ್ಬ ನಮ್ಮನ್ನು ಕೂಗಿ ಕರೆದು ಅಂಗೈ ತುಂಬ ಬಿಸಿ ಕಾಳು ಸುರಿದ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು. ಇಂಥ ಗಂಡನನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಅಂದುಕೊಂಡೆ.

ಆಮೇಲೆ ಒಂದು ಹಳ್ಳ ದಾಟಿ ದಿಬ್ಬ ಹತ್ತಿದೆವು. ಎದುರಿಗೆ ಊರ ಮುರಿದ ಅಗಸಿ ಬಾಗಿಲು, ಪಕ್ಕದಲ್ಲಿ ಹನುಮಪ್ಪನ ಗುಡಿ. ನಮ್ಮ ತವರೂರು, ಅಕ್ಕಾ! ಮನೆ ಬಿಟ್ಟು ಒಂದು ತಾಸು ಆಗಿತ್ತೋ ಇಲ್ಲವೋ. ಆಳಂದ, ಕಲಬುರಗಿ, ಅಫಜಲಪುರ ಅಂತ ಬಸ್ಸು ಬದಲಿಸುತ್ತ ಇಡೀ ದಿನ ಸುತ್ತಿ ನಾನು ಮುಟ್ಟುತ್ತಿದ್ದ ಊರು.

"ಈ ದಾರಿ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ಲದೇನು? ಎತ್ತು ತರಾಕ ಇದ ದಾರಿ ಹಿಡದ ಬರ್ತಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ವಾರಕ್ಕೊಮ್ಮೆ ತವರಿಗೆ ಓಡತಿದ್ದಿ. ಮನ್ಯಾಗ ರೊಟ್ಟಿ ಯಾರು ಬಡೀಬೇಕಿತ್ತು?"

ಹೇಳಿ ನಕ್ಕರು. ನಾನು ಕಾರಿನಿಂದ ಇಳಿಯಲಿಲ್ಲ. ಇಳಿದು ಯಾರ ಮನೆಗೆ ಹೋಗಲಿ? ನೀನು ಜೇವರ್ಗಿಯಲ್ಲಿ. ಅವ್ವನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮರಳುವಾಗ ಮನೆಯವರು ಕಾರಿನಲ್ಲಿ ಹಾಡು ಹಚ್ಚಿಕೊಂಡರು. ಅವತ್ತಿನಿಂದ ಹೊತ್ತಿಗೆ ಸರಿಯಾಗಿ ಬಡಿಸುತ್ತೇನೆ, ಮಾತಾಡಿಲ್ಲ. ಮಾತಾಡಿಲ್ಲ ಎಂಬುದು ಅವರಿಗೆ ತಿಳಿದೂ ಇಲ್ಲ.

ಮಣ್ಣಾದ ಮೇಲೆ ಬಂದ ನನ್ನನ್ನು ನೀನು ಬಾಗಿಲಲ್ಲೇ ತಡೆದು, "ಈಗ್ಯಾಕ ಬಂದಿ? ಅವ್ವ ಎರಡ ದಿನಾ ಬಾಗಲಾ ನೋಡ್ಕೋತ ಮಲಗಿದ್ಳು" ಎಂದೆ. "ದಾರಿ ದೂರ ಅಕ್ಕಾ, ಬಸ್ಸು ಸಿಗಲಿಲ್ಲ" ಎಂದೆ ನಾನು. ನೀನು ಮುಖ ತಿರುಗಿಸಿದ್ದು ಸರಿಯೇ ಇತ್ತು.

ನಿನ್ನ ಮಗಳು ಸೀಮಾಳಿಗೆ ಗಂಡು ನೋಡುತ್ತಿದ್ದೀರಂತೆ. ಅವಳಿಗೆ ನನ್ನ ಆಶೀರ್ವಾದ. ಎಲ್ಲಿಗೇ ಕೊಡು, ಆ ಊರಿನಿಂದ ನಿನ್ನ ಮನೆಗೆ ಬರುವ ದಾರಿಯನ್ನೆಲ್ಲ ಮೊದಲು ಅವಳ ಕಣ್ಣಿಗೆ ತೋರಿಸಿ ಕೊಡು.

ನಿನ್ನ ತಂಗಿ
ಸುವರ್ಣಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೇನೆ. ಅವ್ವನಿಗೆ ಕಾಯಿಲೆ ಹೆಚ್ಚಾಗಿದೆ ಎಂದು ನೀನು ಫೋನ್ ಮಾಡಿದ ದಿನ ಪಕ್ಕದ ಮನೆಯ ಫಯಾಜಣ್ಣ ತನ್ನ ಜೀಪು ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದ್ದ. "ಒಳದಾರಿ ಐತಿ ತಂಗಿ, ಕೂಡು. ತಾಸಿನ್ಯಾಗ ಮುಟ್ಟಸ್ತೇನಿ" ಎಂದ. ಹೊಲಕ್ಕೆ ಹೋದ ಗಂಡನನ್ನು ಕೇಳದೆ ಹೇಗೆ ಹೋಗಲಿ ಎಂದು ನಾನೇ ಅವನನ್ನು ಕಳಿಸಿಬಿಟ್ಟೆ. ಸಂಜೆ ಮನೆಯವರನ್ನು ಕೇಳಿದರೆ, "ಅಂಥಾ ದಾರಿ ಎಲ್ಲೂ ಇಲ್ಲ" ಎಂದರು. ಅವರ ಮಾತು ನಂಬಿದರೆ ನಾನು ಹೋಗದಿದ್ದದ್ದು ನನ್ನ ತಪ್ಪಾಗುತ್ತಿರಲಿಲ್ಲ. ಅದಕ್ಕೇ ನಂಬಿದೆ, ಅಕ್ಕಾ.