ಪೈಪು ಸೋರುತ್ತಿರಲಿ, ಮುಟ್ಟಬೇಡಿ

ನಗರಸಭೆಯ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ನನ್ನ ಹೊಲಿಗೆ ಅಂಗಡಿಯ ಹಿಂದೆ ಒಡೆದಿರುವ ನಿಮ್ಮ ಪೈಪನ್ನು ಸೋಮವಾರ ರಿಪೇರಿ ಮಾಡಿಸುತ್ತೀರೆಂದು ತಿಳಿದು ಗಾಬರಿಯಾಗಿದೆ. ದಯವಿಟ್ಟು ನಿಲ್ಲಿಸಿ. ವರ್ಷಗಟ್ಟಲೆ ದೂರು ಕೊಟ್ಟವಳು ನಾನೇ. ಆಗೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗುತ್ತಿತ್ತು. ಈಗ ಏಕಾಏಕಿ ಈ ಕರ್ತವ್ಯನಿಷ್ಠೆ ಎಲ್ಲಿಂದ ಬಂತು? ಮೈ ಹುಷಾರಾಗಿದೆ ತಾನೇ?

ವಿಷಯ ಕೆಸರುಮಲ್ಲಿಯದು. ಜೌಗಿನಲ್ಲಿ ಮಾತ್ರ ಬೆಳೆಯುವ ಈ ಬಿಳಿ ಕಾಡುಹೂವನ್ನು ತಾವು ಊರಿನ ಅಧಿಕೃತ ಹೂವೆಂದು ಘೋಷಿಸಿದಿರಿ. ಸಂತೋಷ. ಅದರ ಗೌರವಾರ್ಥ ಉದ್ಯಾನ ಕಟ್ಟಲು, ಅದು ಬೆಳೆಯುತ್ತಿದ್ದ ಜೌಗನ್ನೇ ಮಣ್ಣು ಸುರಿದು ಮುಚ್ಚಿಸಿದಿರಿ. ಮೇಲೆ ಟೈಲ್ಸ್ ಹಾಸಿ, ನಡುವೆ ಆಳೆತ್ತರದ ಸಿಮೆಂಟಿನ ಕೆಸರುಮಲ್ಲಿಯನ್ನು ನಿಲ್ಲಿಸಿದಿರಿ. ಮೂಗು ಕೊಯ್ದು ಮೂಗುತಿ ಕೊಡಿಸುವುದೆಂದರೆ ಇದೇ ಅಲ್ಲವೇ?

ನಿಜವಾದ ಹೂ ಈಗ ಉಳಿದಿರುವುದು ನಿಮ್ಮ ಪೈಪಿನ ಕೃಪೆಯಿಂದ. ಅದು ಸೋರಿ ಸೋರಿ ಹಿತ್ತಲೆಲ್ಲ ಕೆಸರಾಗಿ, ಅಲ್ಲಿ ಗಿಡ ತಾನಾಗಿ ಎದ್ದಿದೆ. ಮೊದಲು ನೋಡಿದವರು, ಹಿಂಬಾಗಿಲಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ನಮ್ಮ ದೊಡ್ಡಮ್ಮ. "ಅಯ್ಯೋ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ?" ಎಂದು ಹೂವನ್ನೇ ಬೈದರು, ಆಮೇಲೆ ಅತ್ತರು. ಮದುವೆಗೆ ಮುಂಚೆ ತೀರಿಹೋದ ನಮ್ಮ ದೊಡ್ಡಪ್ಪ ಮೊಣಕಾಲುದ್ದ ಕೆಸರಿಗಿಳಿದು, ಒಂದು ಚಪ್ಪಲಿ ಕಳೆದುಕೊಂಡು, ಇದನ್ನೇ ತಂದುಕೊಟ್ಟಿದ್ದರಂತೆ. ಕ್ಷಮಿಸಿ, ವಾಕ್ಯ ಎಡವಟ್ಟಾಯಿತು: ದೊಡ್ಡಪ್ಪ ತೀರಿಹೋದದ್ದು ಮೊನ್ನೆ ಮೊನ್ನೆ, ಹೂ ತಂದದ್ದು ಮದುವೆಗೆ ಮುಂಚೆ. ದೊಡ್ಡಮ್ಮನ ಅಳು ನೆನೆದರೆ ನನ್ನ ಕೈ ಹೀಗೆ ತಪ್ಪುತ್ತದೆ.

ಈ ವಾರ ಅಳತೆಗೆ ಬಂದ ನಿಮ್ಮ ಮೇಲ್ವಿಚಾರಕರು ಗಿಡದ ಮೇಲೆಯೇ ಕಾಲಿಟ್ಟರು.

"ಸಾರ್, ಅದೇ ಕೆಸರುಮಲ್ಲಿ!" ಎಂದೆ.

"ಇದು ಕಳೆ ಕಣಮ್ಮಾ. ನಿಜವಾದ್ದು ಪಾರ್ಕಲ್ಲಿದೆ, ಬೋರ್ಡ್ ಬೇರೆ ಹಾಕಿದೀವಲ್ಲ?"

ಬೋರ್ಡಿಲ್ಲದೆ ಅರಳುವುದು ನಿಯಮಬಾಹಿರವೆಂದು ಪಾಪ, ಆ ಗಿಡಕ್ಕೆ ಯಾರು ಹೇಳಬೇಕಿತ್ತು? ನೀರು ಪೋಲಾಗುತ್ತದೆ ಎನ್ನುವಿರಾದರೆ, ಸಿಮೆಂಟ್ ಹೂವಿನ ಸುತ್ತ ಹಗಲಿಡೀ ಚಿಮ್ಮುವ ಕಾರಂಜಿ ಯಾವ ಗಿಡದ ಬಾಯಾರಿಕೆಗೆ?

ಬೀಜ ಬಲಿಯುವವರೆಗೆ ಪೈಪಿನ ಗೊಡವೆಗೆ ಬರಬೇಡಿ. ಅಷ್ಟರಲ್ಲಿ ಉದ್ಯಾನದ ಒಂದು ಮೂಲೆಯ ಟೈಲ್ಸ್ ಕೀಳಿಸಿ, ಸುರಿದ ಮಣ್ಣು ತೆಗೆಸಿ, ಕೆಸರನ್ನು ಕೆಸರಾಗಿಯೇ ಬಿಡಿ. ಬೀಜ ನಾವು ತಂದು ಚೆಲ್ಲುತ್ತೇವೆ. ಆಮೇಲೆ ಪೈಪನ್ನು ಧಾರಾಳವಾಗಿ ಸರಿಮಾಡಿ.

ಇಲ್ಲ, ಸೋಮವಾರವೇ ಆಗಬೇಕೆಂಬ ಹಟವಿದ್ದರೆ ತಾವೇ ಬನ್ನಿ. ಪೈಪಿನ ಪಕ್ಕದಲ್ಲಿ ದೊಡ್ಡಮ್ಮ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಆದೇಶವನ್ನು ಅವರಿಗೇ ಓದಿ ಹೇಳಿ. ಸ್ವಲ್ಪ ಗಟ್ಟಿಯಾಗಿ ಓದಿ. ಅವರಿಗೆ ಕಿವಿ ಚೂರೂ ಕೇಳಿಸುವುದಿಲ್ಲ.

ಇಂತಿ,
ಬೇಡಿದ್ದು ಸಿಕ್ಕಿದ್ದಕ್ಕೆ ಮರುಗುತ್ತಿರುವ,
ಹಿಂದಿನ ಬೀದಿಯ ದರ್ಜಿ