ಹಿಂದಕ್ಕೆ ನಡೆಯುವ ನಾಟಿ

ಶೋಭಕ್ಕ,

ನೀನು ಏಳುವ ಮೊದಲೇ ನಾನು ಶೂಟಿಂಗಿಗೆ ಹೊರಟೆ. ಗಂಜಿ ಒಲೆಯ ಮೇಲಿದೆ. ಕೋಳಿಗೂಡು ನೀನೇ ತೆರೆಯಬೇಕು, ನಿನ್ನೆಯಂತೆ ಮರೆಯಬೇಡ. ಅವ್ವ ಕೇಳಿದರೆ ನಾಟಿಗೆ ಹೋದಳು ಅನ್ನು. ಮೊಣಕಾಲವರೆಗೆ ಕೆಸರಲ್ಲೇ ಇರುತ್ತೇನೆ, ಸುಳ್ಳೇನಲ್ಲ.

ಒಂದು ವಿಷಯ ಹೇಳಲು ನಾಚಿಕೆಯಾಗಿತ್ತು. ನಿನ್ನೆ ನಿರ್ದೇಶಕರು, ಮುಖ ಕಾಣಲಿ ಎಂದು, ನಮ್ಮನ್ನೆಲ್ಲ ಮುಂದಕ್ಕೆ ನಡೆಯುತ್ತಾ ಪೈರು ನೆಡಲು ಹೇಳಿದರು. ಗುಂಪಿನವರೆಲ್ಲ ಹಾಗೇ ನೆಡಲು ಬಗ್ಗಿದರು. ನನಗೆ ತಡೆಯಲಾಗಲಿಲ್ಲ.

“ಹಿಂದಕ್ಕೆ ನಡೀಬೇಕು ಸಾರೇ, ಇಲ್ಲಾಂದ್ರೆ ನೆಟ್ಟಿದ್ದನ್ನ ನಾವೇ ತುಳೀತೀವಿ,” ಅಂದೆ.

ಅವರು ನಕ್ಕು, “ಇದನ್ನೇ ನಾಳೆ ಕ್ಯಾಮೆರಾ ಮುಂದೆ ನಾಯಕನಿಗೆ ಹೇಳು,” ಅಂದರು.

ಹಾಜರಿ ಕೂಗಿದರೂ ಬಾಯಿ ಬಿಡದೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು! ಹತ್ತು ಸಲ ಹೇಳಿಸಿ ನೋಡಿದರು. ನನ್ನದೇ ಮಾತು ಅಕ್ಕ, ಆದರೂ ಬೇರೆ ಯಾರೋ ಆಡಿದಂತಿತ್ತು. ನಟನೆ ಅಂದರೆ ಇದೇ ಏನೋ. ಕೊನೆಕೊನೆಗೆ ಸ್ವರವೇ ಹೊರಡಲಿಲ್ಲ. ಇವತ್ತೂ ಹೊರಡದಿದ್ದರೆ ಆ ಮಾತನ್ನು ಬೇರೆಯವಳಿಗೆ ಕೊಡುತ್ತಾರೆ.

ಹತ್ತು ಗಂಟೆಗೆ ಚೇಕಾಡಿ ಗದ್ದೆಗೆ ಬಾ. ನಾಯಕನ ಹಿಂದಿನ ಬದುವಿನ ಮೇಲೆ ನಿಂತಿರು. ನಿನ್ನನ್ನು ಬೈಯುವಾಗ ನನಗೆ ಎಂದೂ ಸ್ವರ ಕೈಕೊಟ್ಟಿಲ್ಲ. ನಿನ್ನ ಮುಖ ನೋಡಿ ಹೇಳಿಬಿಡುತ್ತೇನೆ.

ಬಿಂದು